ದಾರ ಮುಗಿದ ಮೇಲಿನ ದಾರಿ

ಹೊರಡುವ ಹಿಂದಿನ ರಾತ್ರಿ ಅಕ್ಕನ ಮಗಳು ನನ್ನ ಪೆಟ್ಟಿಗೆಯ ಮೇಲೆ ಕುಳಿತು ಕೇಳಿದಳು: "ಮಾವ, ಸಿಂಗಪುರದಿಂದ ನ್ಯೂಯಾರ್ಕಿಗೆ ಎಷ್ಟು ದೂರ?" ಅವಳು ಕುಳಿತಿದ್ದರಿಂದಲೇ ಜಿಪ್ ಮುಚ್ಚಲು ಸಾಧ್ಯವಾಗಿತ್ತು, ಆದ್ದರಿಂದ ಉತ್ತರ ಕೊಡದೆ ಎಬ್ಬಿಸುವಂತಿರಲಿಲ್ಲ. ಸುಮಾರು 15,350 ಕಿಲೋಮೀಟರ್ ಎಂದೆ. ವಿಮಾನ ಗಂಟೆಗೆ ಎಷ್ಟು ಓಡುತ್ತದೆ ಎಂದಳು. 900 ಎಂದೆ. ಅವಳು ನನ್ನ ಮೊಬೈಲು ತೆಗೆದುಕೊಂಡು ಭಾಗಿಸಿದಳು. ಹದಿನೇಳು ಗಂಟೆ, ಮೇಲೆ ಮೂರು ನಿಮಿಷ. ಟಿಕೆಟಿನಲ್ಲಿ ಬರೆದಿದ್ದದ್ದು 18 ಗಂಟೆ 40 ನಿಮಿಷ. "ಹಾಗಾದರೆ ಉಳಿದ ಒಂದೂವರೆ ಗಂಟೆ ಏನು ಮಾಡುತ್ತಾರೆ?"

ದೊಡ್ಡವರು ಇಂಥ ಹೊತ್ತಿನಲ್ಲಿ ಹೇಳುವುದನ್ನೇ ನಾನೂ ಹೇಳಿದೆ. ಹತ್ತಬೇಕು, ಇಳಿಯಬೇಕು, ಹೊರಡುವಾಗ ಸ್ವಲ್ಪ ನಿಧಾನ, ಹೀಗೆ ಏನೇನೋ ಇರುತ್ತದೆ, ಈಗ ಮಲಗು. ಅವಳು ಒಪ್ಪಿದಂತೆ ತಲೆಯಾಡಿಸಿದಳು, ಆದರೆ ಒಪ್ಪಿರಲಿಲ್ಲ. ನನಗೂ ಆ ಉತ್ತರ ಹಿಡಿಸಿರಲಿಲ್ಲ. ದೂರ ಎಷ್ಟು, ಹೊತ್ತು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ನಾವು ಯಾವಾಗಲೂ ಒಂದೇ ಉಸಿರಿನಲ್ಲಿ ಕೇಳುತ್ತೇವೆ. ಮೊದಲನೆಯದನ್ನು ವೇಗದಿಂದ ಭಾಗಿಸಿದರೆ ಎರಡನೆಯದು ತಾನಾಗಿ ಉದುರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಎಲ್ಲಿ ತಪ್ಪುತ್ತದೆ ಎಂದು ಹುಡುಕುತ್ತಾ ಹೋದೆ. ನನ್ನ ಮಟ್ಟಿಗೆ ಸಿಕ್ಕಿದ ಉತ್ತರ ಇಷ್ಟು: ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎನ್ನುವುದು ಭೂಮಿಗೆ ಸಂಬಂಧಿಸಿದ ಮಾತು, ಪ್ರಯಾಣಕ್ಕೆ ಸಂಬಂಧಿಸಿದ್ದಲ್ಲ. ಆ ಅಂಕಿಯ ಮೇಲೆ ಯಾರೂ ಪ್ರಯಾಣ ಮಾಡುವುದಿಲ್ಲ.

ಗ್ಲೋಬಿನ ತಿರುಪು

ಆ ರಾತ್ರಿ ಅವಳು ಮಲಗಲಿಲ್ಲ. ತನ್ನ ಮೇಜಿನಿಂದ ಗ್ಲೋಬನ್ನು ಎತ್ತಿಕೊಂಡು ಬಂದಳು. ಮೂವತ್ತು ಸೆಂಟಿಮೀಟರ್ ಅಡ್ಡಳತೆಯ, ಒಂದು ಕಡೆ ನೆಗ್ಗಿದ ಗ್ಲೋಬು. ಜೊತೆಗೆ ಒಂದು ಉಂಡೆ ಹೊಲಿಗೆ ದಾರ. ಸಿಂಗಪುರದ ಮೇಲೆ ಒಂದು ಬೆರಳಿಟ್ಟು, ಗೋಡೆಯ ನಕ್ಷೆಯಲ್ಲಿ ನೋಡಿದ ಹಾಗೆ ದಾರವನ್ನು ಅಡ್ಡಡ್ಡಲಾಗಿ ಪೆಸಿಫಿಕ್ ಸಾಗರದ ಮೇಲೆ ಎಳೆದು ನ್ಯೂಯಾರ್ಕಿಗೆ ಮುಟ್ಟಿಸಿದಳು. ಬಿಗಿಯಾಗಿ ಎಳೆ ಎಂದೆ. ಎಳೆದಳು. ದಾರ ಜಾರಿತು. ಸಾಗರವನ್ನು ಬಿಟ್ಟು ಮೇಲಕ್ಕೆ ಸರಿಯಿತು, ಜಪಾನನ್ನು ದಾಟಿತು, ಇನ್ನೂ ಎಳೆದ ಹಾಗೆ ಚೀನಾ, ಮಂಗೋಲಿಯಾ, ಸೈಬೀರಿಯಾದ ಮೇಲೆ ನೆಟ್ಟಗೆ ನಿಂತುಕೊಂಡಿತು. ಆಮೇಲೆ ಎಲ್ಲೋ ಸಿಕ್ಕಿಹಾಕಿಕೊಂಡು ಮುಂದೆ ಬರಲೇ ಇಲ್ಲ. ಬಗ್ಗಿ ನೋಡಿದರೆ ಗ್ಲೋಬನ್ನು ಅದರ ಕಂಬಿಗೆ ಬಿಗಿದ ತಿರುಪು. ದಾರ ಉತ್ತರ ಧ್ರುವಕ್ಕೆ ತಗುಲಿಕೊಂಡಿತ್ತು.

ಇದು ಆಕಸ್ಮಿಕವಲ್ಲ. ಸಿಂಗಪುರ ಇರುವುದು ಪೂರ್ವ ರೇಖಾಂಶ 104 ಡಿಗ್ರಿಯಲ್ಲಿ, ನ್ಯೂಯಾರ್ಕ್ ಪಶ್ಚಿಮ ರೇಖಾಂಶ 74ರಲ್ಲಿ. ಕೂಡಿಸಿದರೆ 178. ಅಂದರೆ ಇವೆರಡೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬೆನ್ನುಗಳಲ್ಲಿವೆ. ಹಾಗಿರುವಾಗ ಹತ್ತಿರದ ದಾರಿ ನೆತ್ತಿಯ ಮೇಲೆ ಹಾಯದೆ ಬೇರೆ ಗತಿಯಿಲ್ಲ. ಅದು ಧ್ರುವದಿಂದ ಮುನ್ನೂರು ಕಿಲೋಮೀಟರಿನ ಒಳಗೇ ಹಾದುಹೋಗುತ್ತದೆ. ಈ ಜೋಡಿಗೆ ಮಾತ್ರ ಒಂದು ಅನುಕೂಲವಿದೆ. ಗೋಳದ ಮೇಲಿನ ದೂರವನ್ನು ಲೆಕ್ಕ ಹಾಕಲು ಸಾಮಾನ್ಯವಾಗಿ ಸೈನ್, ಕೊಸೈನ್ ಎಲ್ಲ ಬೇಕು, ಇಲ್ಲಿ ಬರೀ ಕೂಡುವ ಲೆಕ್ಕ ಸಾಕು. ಸಿಂಗಪುರದಿಂದ ಧ್ರುವಕ್ಕೆ ಎಂಬತ್ತೆಂಟೂವರೆ ಡಿಗ್ರಿಗಿಂತ ತುಸು ಹೆಚ್ಚು, ಧ್ರುವದಿಂದ ನ್ಯೂಯಾರ್ಕಿಗೆ ನಲವತ್ತೊಂಬತ್ತಕ್ಕಿಂತ ತುಸು ಹೆಚ್ಚು. ಒಟ್ಟು 138 ಡಿಗ್ರಿ. ಒಂದು ಡಿಗ್ರಿಗೆ ಅರವತ್ತು ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಗುಣಿಸಿ ನೋಡಿ, 15,300 ದಾಟಿ ಬಂದು ನಿಲ್ಲುತ್ತದೆ. ಪೈಲಟ್‌ಗಳೂ ನಾವಿಕರೂ ಇಂದಿಗೂ ಕಿಲೋಮೀಟರಿನ ಬದಲು ನಾಟಿಕಲ್ ಮೈಲಿಯನ್ನೇ ಹಿಡಿದುಕೊಂಡಿರುವುದರ ಗುಟ್ಟು ಇದೇ: ಅದು ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಭೂಮಿಯನ್ನೇ ಅಳತೆಕೋಲು ಮಾಡಿಕೊಂಡ ಮೇಲೆ ಬೇರೆ ಕೋಲು ಯಾಕೆ ಬೇಕು? (ಕಿಲೋಮೀಟರೂ ಭೂಮಿಯಿಂದಲೇ ಹುಟ್ಟಿದ್ದು. ಧ್ರುವದಿಂದ ಸಮಭಾಜಕದವರೆಗಿನ ದೂರದ ಕೋಟಿಯಲ್ಲೊಂದು ಭಾಗ ಮೀಟರ್ ಎಂದು ಫ್ರೆಂಚರು ಮೊದಲು ಗೊತ್ತುಮಾಡಿದ್ದರು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂದು ಅಷ್ಟು ಲಕ್ಷಣವಾಗಿ ಬರುವುದು ಅದರಿಂದಲೇ.)

ಗೋಡೆಯ ನಕ್ಷೆ ನಮಗೆ ಮಾಡಿರುವ ಮೋಸ ಸಣ್ಣದಲ್ಲ. ಮರ್ಕೇಟರ್ 1569ರಲ್ಲಿ ಮಾಡಿದ ನಕ್ಷೆ ಹಡಗಿನವರಿಗೆಂದು ಮಾಡಿದ್ದು. ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋಗುವವನ ದಾರಿ ಅದರಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಆ ಅನುಕೂಲಕ್ಕಾಗಿ ಅದು ಮೇಲಕ್ಕೆ ಹೋದಷ್ಟೂ ಭೂಮಿಯನ್ನು ಹಿಗ್ಗಿಸುತ್ತದೆ. ಧ್ರುವವಂತೂ ಆ ಕಾಗದದ ಮೇಲೆ ಇರುವುದಕ್ಕೇ ಸಾಧ್ಯವಿಲ್ಲ, ಅದು ಅನಂತದಾಚೆ ಇದೆ. ಹಾಗಾಗಿ ನನ್ನ ಪ್ರಯಾಣದ ಅತಿ ಹತ್ತಿರದ ದಾರಿಯನ್ನು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪರಿಚಿತವಾದ ನಕ್ಷೆಯಲ್ಲಿ ಬರೆಯಲು ಬರುವುದಿಲ್ಲ.

ದಾರವನ್ನು ಅಳೆದೆವು. ಮೂವತ್ತಾರು ಸೆಂಟಿಮೀಟರ್. ಅಷ್ಟಕ್ಕೆ ಕತ್ತರಿಸಿ, ಅವಳು ಅಷ್ಟೇ ಉದ್ದದ ಇನ್ನೊಂದು ತುಂಡನ್ನೂ ಕತ್ತರಿಸಿ ಇಟ್ಟುಕೊಂಡಳು. "ಇದು ಯಾಕೆ?" ಎಂದರೆ, "ನೀನು ವಾಪಸ್ ಬರುವುದಕ್ಕೆ. ಹೋಗುವಷ್ಟೇ ದೂರ ತಾನೇ ಬರುವುದಕ್ಕೂ?" ಹೌದು ಎಂದೆ. ಇನ್ನೊಂದು ಮಾತನ್ನೂ ಹೇಳಿದೆ: ವಿಮಾನ ಹಾರುವ ಎತ್ತರ ಸುಮಾರು ಹನ್ನೊಂದು ಕಿಲೋಮೀಟರ್, ಈ ಗ್ಲೋಬಿನ ಮೇಲೆ ಅದು ಕಾಲು ಮಿಲಿಮೀಟರ್, ಅಂದರೆ ನಿನ್ನ ದಾರದ ದಪ್ಪದಷ್ಟು. ನಾವು ಆಕಾಶದಲ್ಲಿ ಹಾರುತ್ತೇವೆ ಎನ್ನುವುದೆಲ್ಲ ಬರೀ ಬಡಾಯಿ, ನೆಲಕ್ಕೆ ಅಂಟಿಕೊಂಡು ತೆವಳುತ್ತೇವೆ. ಅವಳು ದಾರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

ಪರದೆಯ ಮೇಲಿನ ಬಾಗಿದ ಗೆರೆ

ಮರುದಿನ ಆಸನದ ಎದುರಿನ ಪರದೆಯಲ್ಲಿ ವಿಮಾನದ ಚಿತ್ರ ಉತ್ತರಕ್ಕೆ ಮೂತಿ ತಿರುಗಿಸುತ್ತದೆ ಎಂದು ಕಾಯುತ್ತಾ ಕುಳಿತೆ. ತಿರುಗಲಿಲ್ಲ. ಈಶಾನ್ಯಕ್ಕೆ ಹೊರಟು, ಫಿಲಿಪ್ಪೀನ್ಸನ್ನು ಬಲಕ್ಕೆ ಬಿಟ್ಟು, ಜಪಾನಿನ ತೀರದ ಹೊರಗಿನಿಂದ ಹಾದು ಪೆಸಿಫಿಕ್ ಸಾಗರದ ಮೇಲಕ್ಕೇ ಹೋಯಿತು. ಅಕ್ಕನ ಮಗಳು ದಾರವನ್ನು ಬಿಗಿಯುವ ಮೊದಲು ಇಟ್ಟಿದ್ದಳಲ್ಲ, ಹೆಚ್ಚುಕಡಿಮೆ ಆ ದಾರಿಯಲ್ಲೇ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು. ಬೆಳಗಾಗುವುದರೊಳಗೆ ನನ್ನ ಲೆಕ್ಕವೆಲ್ಲ ಸುಳ್ಳಾಗಿತ್ತು, ಆದರೆ ಪರದೆಯ ಕೆಳಗಿನ ಒಂದು ಅಂಕಿ ಕಾರಣವನ್ನು ಹೇಳುತ್ತಿತ್ತು. ನೆಲದ ಮೇಲಿನ ವೇಗ: ಗಂಟೆಗೆ 1,080 ಕಿಲೋಮೀಟರ್.

ವಿಮಾನಕ್ಕೆ ಅಷ್ಟು ವೇಗ ಇಲ್ಲ. ಇಂಥ ದೊಡ್ಡ ವಿಮಾನಗಳು ಶಬ್ದದ ವೇಗದ ಶೇಕಡಾ 85ರ ಆಸುಪಾಸಿನಲ್ಲಿ ಓಡುತ್ತವೆ, ಆ ಎತ್ತರದ ಕೊರೆಯುವ ಚಳಿಯಲ್ಲಿ ಅದು ಸುಮಾರು 900. ಮಿಕ್ಕದ್ದು ಗಾಳಿಯ ಕೊಡುಗೆ. ಧ್ರುವದ ತಣ್ಣನೆಯ ಗಾಳಿಯೂ ಉಷ್ಣವಲಯದ ಬಿಸಿ ಗಾಳಿಯೂ ಸಂಧಿಸುವ ಕಡೆ, ಭೂಮಿಯ ತಿರುಗುವಿಕೆಯಿಂದ ಬಾಗಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಇದೆ. ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ಗಂಟೆಗೆ ಇನ್ನೂರು, ಮುನ್ನೂರು ಕಿಲೋಮೀಟರ್ ಬೀಸುವುದು ಅದಕ್ಕೆ ದೊಡ್ಡದಲ್ಲ. ಅದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ತಜ್ಞ ಓಯಿಶಿ ವಾಸಾಬುರೊ. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಮೇಲಕ್ಕೆ ಹೋದ ಮೇಲೆ ಪೂರ್ವಕ್ಕೆ ಓಡಿಹೋಗುವುದನ್ನು ದೂರದರ್ಶಕದಲ್ಲಿ ಹಿಂಬಾಲಿಸಿ ಬರೆದಿಟ್ಟರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರಿಗೂ ಅರ್ಥವಾಗಲಿ ಎಂದೇ ಕಟ್ಟಿದ ಭಾಷೆ ಅದು, ಓದಿದವರು ಮಾತ್ರ ಹೆಚ್ಚುಕಡಿಮೆ ಯಾರೂ ಇಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರ್‌ಗಳಿಗೆ ಆ ಗಾಳಿ ಹೊಸ ಸಂಗತಿಯಾಗಿಯೇ ಎದುರಾಯಿತು.

ಹಾಗಾದರೆ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆಯೇ ತಲೆಕೆಳಗಾಗುತ್ತದೆ. ನೆಲಕ್ಕೆ ಹತ್ತಿರವಾದದ್ದು ಬೇರೆ, ಗಾಳಿಗೆ ಹತ್ತಿರವಾದದ್ದು ಬೇರೆ. ವಿಮಾನ ಹೊರಡುವ ಕೆಲವು ಗಂಟೆ ಮೊದಲು, ಆ ದಿನದ ಗಾಳಿಯ ಮುನ್ಸೂಚನೆ ನೋಡಿಕೊಂಡು, ಆ ದಿನಕ್ಕೆ ಮಾತ್ರ ಸಲ್ಲುವ ಒಂದು ದಾರಿಯನ್ನು ಗೊತ್ತುಮಾಡುತ್ತಾರೆ. ನಾಳೆ ಅದೇ ವಿಮಾನ ನೂರಾರು ಕಿಲೋಮೀಟರ್ ಆಚೆ ಹಾರಬಹುದು. 2020ರ ಫೆಬ್ರುವರಿಯಲ್ಲಿ, ಅಟ್ಲಾಂಟಿಕ್ ಮೇಲೆ ಬಿರುಗಾಳಿ ಎದ್ದಿದ್ದಾಗ, ನ್ಯೂಯಾರ್ಕಿನಿಂದ ಹೊರಟ ಒಂದು ಬೋಯಿಂಗ್ 747 ಲಂಡನ್ ತಲುಪಲು ತೆಗೆದುಕೊಂಡದ್ದು 4 ಗಂಟೆ 56 ನಿಮಿಷ. ಸಾಮಾನ್ಯವಾಗಿ ಆರರಿಂದ ಏಳು ಗಂಟೆಯ ಹಾರಾಟ ಅದು. ನೆಲದಿಂದ ನೋಡಿದರೆ ಗಂಟೆಗೆ 1,300 ಕಿಲೋಮೀಟರ್ ಮುಟ್ಟಿತ್ತು, ಆದರೂ ಶಬ್ದದ ವೇಗವನ್ನು ಮೀರಿರಲಿಲ್ಲ, ಯಾಕೆಂದರೆ ಅದನ್ನು ಹೊತ್ತ ಗಾಳಿಯೇ ಓಡುತ್ತಿತ್ತು. ಅದೇ ದಿನ ಎದುರಿನಿಂದ ಬಂದವರ ಪಾಡು ಏನಾಗಿರಬೇಕು ಎಂದು ಯೋಚಿಸುತ್ತೇನೆ. ದಾಖಲೆ ಎಂದು ಸುದ್ದಿಯಾಗುವುದು ಒಂದು ಕಡೆಯದು ಮಾತ್ರ.

ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಕಿತ್ತುಕೊಳ್ಳುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಸರಿಹೋಗುವುದಿಲ್ಲ. 5,400 ಕಿಲೋಮೀಟರ್ ದೂರವನ್ನು ಗಾಳಿಯೇ ಇಲ್ಲದೆ ಗಂಟೆಗೆ 900ರಂತೆ ಹೋಗಿಬರಲು ಹನ್ನೆರಡು ಗಂಟೆ. ನೂರು ಕಿಲೋಮೀಟರ್ ಗಾಳಿ ಇದ್ದರೆ ಹೋಗುವಾಗ 5 ಗಂಟೆ 24 ನಿಮಿಷ, ಬರುವಾಗ 6 ಗಂಟೆ 45 ನಿಮಿಷ. ಕೂಡಿಸಿದರೆ ಒಂಬತ್ತು ನಿಮಿಷ ಹೆಚ್ಚು. ಎದುರುಗಾಳಿಯಲ್ಲಿ ನಾವು ಕಳೆಯುವ ಹೊತ್ತೇ ಹೆಚ್ಚು, ಹಾಗಾಗಿ ಪೆಟ್ಟೂ ಹೆಚ್ಚು ಹೊತ್ತು ಬೀಳುತ್ತದೆ. ಗಾಳಿ ಯಾವ ಕಡೆಗೆ ಬೀಸಿದರೂ ಹೋಗಿ ಬರುವವನಿಗೆ ನಷ್ಟವೇ.

ಸಿಡ್ನಿಯಿಂದ ಜೊಹಾನ್ಸ್‌ಬರ್ಗಿಗೆ ಸುಮಾರು 11,000 ಕಿಲೋಮೀಟರ್. ಪಶ್ಚಿಮಕ್ಕೆ ಹೋಗುವಾಗ ಹದಿನಾಲ್ಕು ಗಂಟೆಯ ಹತ್ತಿರ, ಪೂರ್ವಕ್ಕೆ ಮರಳುವಾಗ ಹನ್ನೆರಡರ ಆಸುಪಾಸು. ಎರಡು ಗಂಟೆಯ ಅಂತರ. ಇದನ್ನು ಹೇಳಿದಾಗ ಹಲವರು ಭೂಮಿ ತಿರುಗುತ್ತದಲ್ಲ ಎನ್ನುತ್ತಾರೆ. ಅಕ್ಕನ ಮಗಳೂ ಕೇಳಿದ್ದಳು: ವಿಮಾನ ಸುಮ್ಮನೆ ಮೇಲೆ ನಿಂತರೆ ಕೆಳಗೆ ಭೂಮಿ ತಿರುಗಿ ಊರು ತಾನೇ ಬರುವುದಿಲ್ಲವೇ? ಬರುವುದಿಲ್ಲ, ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಹಾಗೆ ನೇರವಾಗಿ ಅಲ್ಲದಿದ್ದರೂ, ಆ ಗಾಳಿಯ ಹೊಳೆಯನ್ನು ಪೂರ್ವಕ್ಕೆ ಬಾಗಿಸುವುದು ಭೂಮಿಯ ತಿರುಗಾಟವೇ. ಪ್ರಶ್ನೆ ಪೂರ್ತಿ ತಪ್ಪಲ್ಲ.

ಹತ್ತು ಬೆರಳು

ಪಕ್ಕದ ಆಸನದಲ್ಲಿ ಒಬ್ಬ ವೃದ್ಧೆ ಇದ್ದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಕನ್ನಡಕವನ್ನು ಮೇಲಿನ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದರೋ ಏನೋ, ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ನನ್ನ ಕಡೆ ತಿರುಗಿ, ಅಂಗೈ ಮೇಲೆ ಮಾಡಿ ಹುಬ್ಬು ಹಾರಿಸಿದರು. ಇನ್ನೆಷ್ಟು? ಆಗ ಜಪಾನಿನ ಹತ್ತಿರ ಸೂರ್ಯ ಮುಳುಗುತ್ತಿದ್ದ. ಉಳಿದಿದ್ದದ್ದು ಹದಿಮೂರು ಗಂಟೆ. ಎರಡೂ ಕೈ ಬಿಡಿಸಿ ತೋರಿಸಿ, ಮುಚ್ಚಿ, ಮತ್ತೆ ಮೂರು ಬೆರಳು ತೋರಿಸಿದೆ. ಅವರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ನಿಜ ಎಂದು ಗೊತ್ತಾದಾಗ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಎಚ್ಚರವಾದಾಗಲೆಲ್ಲ ಅದೇ ಅಂಗೈ, ಅದೇ ಹುಬ್ಬು. ಹತ್ತು ಗಂಟೆ ಉಳಿದಾಗ ಎರಡೇ ಕೈಗೆ ಲೆಕ್ಕ ಹಿಡಿಸಿತಲ್ಲ, ಅದು ನಮ್ಮಿಬ್ಬರಿಗೂ ಒಂದು ಗೆಲುವು. ಆಮೇಲೆ ಒಂದು ಸಲ ಏಳು ತೋರಿಸಿದೆ. ಅವರು ನಿದ್ದೆ ಹೋದರು, ಎದ್ದರು, ಮತ್ತೆ ಕೇಳಿದರು. ಪರದೆಯಲ್ಲಿ ಉಳಿದ ಹೊತ್ತು 7 ಗಂಟೆ 5 ನಿಮಿಷ ಇತ್ತು, ಹಿಂದಿನ ಸಲಕ್ಕಿಂತ ನಾಲ್ಕು ನಿಮಿಷ ಹೆಚ್ಚು. ಗಾಳಿಯ ಹೊಳೆಯಿಂದ ಹೊರಗೆ ಬಂದಿದ್ದೆವೋ, ದಾರಿ ಸ್ವಲ್ಪ ಬದಲಾಗಿತ್ತೋ, ನೆಲದ ವೇಗ 870ಕ್ಕೆ ಇಳಿದಿತ್ತು. ಮತ್ತೆ ಏಳು ಬೆರಳು ತೋರಿಸಿದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ, ಏಳನೆಯದನ್ನು ಹಿಡಿದು ಮಡಚಿಬಿಟ್ಟರು. ಆರು ಎಂದು ಹೇಳು ಎಂಬಂತೆ. ನಾನೂ ಆರು ಎಂದೇ ತಲೆಯಾಡಿಸಿದೆ.

ದೂರ ಎಂಬುದನ್ನು ಆ ಹೊತ್ತಿನಲ್ಲಿ ಯಾರಾದರೂ ಕಿಲೋಮೀಟರಿನಲ್ಲಿ ಹೇಳಿದ್ದರೆ ಅದಕ್ಕೆ ಅರ್ಥವೇ ಇರುತ್ತಿರಲಿಲ್ಲ. ನಮ್ಮ ಹಳೆಯ ಮಾತಿನಲ್ಲಿ ದೂರದೂರಿಗೆ ಎರಡು ದಿನದ ದಾರಿ, ಅರ್ಧ ದಿನದ ದಾರಿ ಎನ್ನುತ್ತಿದ್ದರಲ್ಲ, ಅದು ಅಳತೆ ಗೊತ್ತಿಲ್ಲದವರ ಮಾತು ಎಂದು ನಾನು ಅಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಹತ್ತುವ ದಾರಿ ಇಳಿಯುವ ದಾರಿಗಿಂತ ಉದ್ದ ಎಂದು ನಡೆಯುವವನಿಗೆ ಗೊತ್ತಿತ್ತು.

ನೇರ ಹೋಗದಿರುವುದಕ್ಕೆ ಬೇರೆ ಕಾರಣಗಳು

ಗಾಳಿಯೊಂದೇ ಅಲ್ಲ. ಎರಡು ಎಂಜಿನ್ನಿನ ವಿಮಾನ, ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರಲ್ಲಿ ಎಷ್ಟು ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ಮುಟ್ಟಬೇಕು ಎಂಬ ನಿಯಮವಿದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಅದು ಅರವತ್ತು ನಿಮಿಷ. 1985ರಲ್ಲಿ ಎರಡು ಗಂಟೆಗೆ, 1988ರಲ್ಲಿ ಮೂರು ಗಂಟೆಗೆ ಏರಿತು. ಇಂದು ಏರ್‌ಬಸ್ ಎ350ಗೆ ಆರು ಗಂಟೆ ಮೀರಿ ಅನುಮತಿ ಸಿಕ್ಕಿದೆ. ನಿಯಮ ಸಡಿಲವಾದ ಹಾಗೆಲ್ಲ ಸಾಗರದ ಮೇಲಿನ ದಾರಿಗಳು ನೆಟ್ಟಗಾದವು. ಧ್ರುವದ ಮೇಲೆ ಹಾರುವಾಗ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣಾಂಶದ ಮೇಲೂ ಕಣ್ಣಿಡಬೇಕು.

ಇದೆಲ್ಲಕ್ಕಿಂತ ಬಿಗಿಯಾದ ಅಡ್ಡಗೋಡೆ ಮನುಷ್ಯರದ್ದು. ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 7,800 ಕಿಲೋಮೀಟರ್. 2022ರ ಫೆಬ್ರುವರಿಯವರೆಗೆ ರಷ್ಯಾದ ಮೇಲೆ ಹಾಯ್ದು ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ವಿಮಾನಗಳು, ಯುದ್ಧ ಶುರುವಾಗಿ ಆ ವಾಯುಪ್ರದೇಶ ಮುಚ್ಚಿದ ಮೇಲೆ ಸುಮಾರು ಹದಿಮೂರು ಗಂಟೆ ತೆಗೆದುಕೊಳ್ಳತೊಡಗಿದವು, ಕೆಲವು ಉತ್ತರ ಧ್ರುವವನ್ನೇ ಸುತ್ತಿಕೊಂಡು. ಎರಡು ನಗರಗಳು ಒಂದು ಅಂಗುಲವೂ ಕದಲಲಿಲ್ಲ. ಅಳತೆಯ ಪುಸ್ತಕದಲ್ಲಿ ಇವತ್ತಿಗೂ ಅದೇ 7,800. ಮೂರೂವರೆ ಗಂಟೆಯಷ್ಟು ದೂರ ಹೊಸದಾಗಿ ಹುಟ್ಟಿಕೊಂಡಿತು, ಒಂದು ವಾರದೊಳಗೆ.

ಇನ್ನು ಟಿಕೆಟಿನಲ್ಲಿ ಬರೆದ ಹೊತ್ತು. ಅದು ಹಾರುವ ಹೊತ್ತಲ್ಲ. ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದ ಕ್ಷಣದಿಂದ ಇನ್ನೊಂದು ತುದಿಯಲ್ಲಿ ಅಡ್ಡಗಟ್ಟೆ ಕೊಡುವ ಕ್ಷಣದವರೆಗಿನದು. ಅದರಲ್ಲಿ ರನ್‌ವೇಗೆ ಉರುಳಿಕೊಂಡು ಹೋಗುವುದು, ಸರದಿಯಲ್ಲಿ ನಿಲ್ಲುವುದು, ಗಾಳಿಗೆ ಎದುರಾಗಿ ಏರಬೇಕಾದ್ದರಿಂದ ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ಹೊರಡುವುದು, ಎಲ್ಲವೂ ಸೇರಿದೆ. ಮೇಲೆ ಒಂದಿಷ್ಟು ಪುಡಿ ಹೊತ್ತನ್ನೂ ಸೇರಿಸಿರುತ್ತಾರೆ. ಇನ್ನೊಂದು ಸಲ, ಬೇರೆ ದಾರಿಯಲ್ಲಿ, ನಾವು ಇಳಿಯುವ ಊರಿನ ಮೇಲೆ ನಲವತ್ತು ನಿಮಿಷ ಗಾಣದ ಎತ್ತಿನಂತೆ ಸುತ್ತಿದೆವು. ಒಂದೇ ನದಿ, ಒಂದೇ ಸೇತುವೆ, ಒಂದೇ ಕೆಂಪು ಛಾವಣಿಯ ಉಗ್ರಾಣ ಐದು ಸಲ ಕಿಟಕಿಯಲ್ಲಿ ಬಂದು ಹೋಯಿತು. ಇಳಿದ ಮೇಲೆ ಗೇಟು ಖಾಲಿಯಿಲ್ಲವೆಂದು ಇನ್ನೂ ಹತ್ತು ನಿಮಿಷ. ಆಮೇಲೆ ಧ್ವನಿವರ್ಧಕದಲ್ಲಿ ಹೆಮ್ಮೆಯ ಘೋಷಣೆ: ನಾವು ಸರಿಯಾದ ಸಮಯಕ್ಕೆ ತಲುಪಿದ್ದೇವೆ. ಸುಳ್ಳಲ್ಲ. ಗೊತ್ತಾದ ಹೊತ್ತಿಗಿಂತ ಹದಿನೈದು ನಿಮಿಷದೊಳಗೆ ಬಂದರೆ ಅದು ಸಮಯಕ್ಕೆ ಬಂದಂತೆಯೇ ಲೆಕ್ಕ. ಸುತ್ತುವುದನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು ಟಿಕೆಟಿನಲ್ಲಿ ಬರೆದಿದ್ದರು ಅಷ್ಟೇ. ಇದನ್ನು ನಾನು ಜಾಣತನ ಎನ್ನಲಾರೆ, ಸಣ್ಣ ಅಪ್ರಾಮಾಣಿಕತೆ ಎನ್ನುತ್ತೇನೆ. ಆದರೂ ತಡವಾಯಿತು ಎಂದು ಕೇಳುವುದಕ್ಕಿಂತ ಅದು ಹಿತವಾಗಿತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಮೂವರು ಪ್ರಯಾಣಿಕರು

ನಾನು ಕುಳಿತಿದ್ದ ವಿಮಾನ ಎ350ರಲ್ಲೇ ಅತಿ ದೂರ ಹಾರಲೆಂದು ತಿದ್ದಿದ ಬಗೆಯದು. ಅದರ ಹೊಟ್ಟೆಯಲ್ಲಿ 1,65,000 ಲೀಟರ್ ಇಂಧನ ಹಿಡಿಯುತ್ತದೆ, ಆಸನಗಳು 161 ಮಾತ್ರ. ಅಷ್ಟೇ ಗಾತ್ರದ ಮಾಮೂಲಿ ವಿಮಾನದಲ್ಲಿ ಮುನ್ನೂರು ಜನ ಹಿಡಿಸುತ್ತಾರೆ. ದೂರ ಹೋಗಬೇಕಾದರೆ ಇಂಧನ ಹೊರಬೇಕು, ಆ ಇಂಧನವನ್ನು ಹೊರುವುದಕ್ಕೇ ಇನ್ನಷ್ಟು ಇಂಧನ ಬೇಕು, ಕೊನೆಗೆ ಮನುಷ್ಯರನ್ನು ಇಳಿಸಬೇಕು.

ಈ ಲೆಕ್ಕದ ತುತ್ತತುದಿ ಕಂಡದ್ದು 1943ರಲ್ಲಿ. ಯುದ್ಧದಿಂದಾಗಿ ಆಸ್ಟ್ರೇಲಿಯಾಕ್ಕೂ ಬ್ರಿಟನ್ನಿಗೂ ನಡುವಿನ ವಾಯುಮಾರ್ಗ ಕಡಿದುಹೋಗಿತ್ತು. ಆಗ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳನ್ನು ಎಲ್ಲೂ ನಿಲ್ಲದೆ ಓಡಿಸಿದರು. ಸುಮಾರು 5,600 ಕಿಲೋಮೀಟರ್. ಇಂದು ಏಳು ಗಂಟೆಯ ಹಾರಾಟ. ಆಗ 27ರಿಂದ 33 ಗಂಟೆ. ಶತ್ರುವಿಗೆ ಸುಳಿವು ಸಿಗದಂತೆ ರೇಡಿಯೊ ಮೌನ, ದಾರಿಗೆ ನಕ್ಷತ್ರಗಳೇ ಗತಿ. ಇಂಧನ ತುಂಬಿದ ಮೇಲೆ ಜಾಗ ಉಳಿಯುತ್ತಿದ್ದದ್ದು ಮೂವರು ಪ್ರಯಾಣಿಕರಿಗೆ, ಮತ್ತೆ ಸ್ವಲ್ಪ ಅಂಚೆಗೆ. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದುದರಿಂದ ಅದಕ್ಕೆ ಜೋಡಿ ಸೂರ್ಯೋದಯದ ಹಾರಾಟ ಎಂದೇ ಹೆಸರಾಯಿತು. ಹಾರಿದವರಿಗೆ ಅದರ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಇಷ್ಟು ದೀರ್ಘ ಹೊತ್ತು ನಿಲ್ಲದೆ ಪ್ರಯಾಣಿಕರನ್ನು ಹೊತ್ತ ವಿಮಾನ ಸೇವೆ ಇಂದಿಗೂ ಇನ್ನೊಂದಿಲ್ಲ. ನಮ್ಮ ಹದಿನೆಂಟೂ ಮುಕ್ಕಾಲು ಗಂಟೆ ಅದರ ಮುಂದೆ ಒಂದು ನಿದ್ದೆ.

ಹೆಚ್ಚಿನದೊಂದು ಬೆಳಗು

ನನಗೆ ಪ್ರಮಾಣಪತ್ರ ಸಿಗಲಿಲ್ಲ, ಆದರೆ ಒಂದೇ ತಾರೀಖಿನಲ್ಲಿ ಎರಡು ಸಂಜೆ ಸಿಕ್ಕಿದವು. ಮಧ್ಯಾಹ್ನ ಸಿಂಗಪುರ ಬಿಟ್ಟವನಿಗೆ ಜಪಾನಿನ ಬಳಿ ಒಂದು ಸೂರ್ಯಾಸ್ತ, ಆರೇಳು ಗಂಟೆಯ ಚುಟುಕು ರಾತ್ರಿ, ಕೆನಡಾದ ಹಿಮದ ಮೇಲೆ ಬೆಳಗು, ನ್ಯೂಯಾರ್ಕಿನಲ್ಲಿ ಇಳಿದಾಗ ಅದೇ ದಿನದ ಸಂಜೆ ಮತ್ತೆ. ಗಡಿಯಾರದ ಪ್ರಕಾರ ಆರು ಗಂಟೆಯ ಪ್ರಯಾಣ. ವೃದ್ಧೆ ಇಳಿಯುವಾಗ ನನ್ನ ಕಡೆ ತಿರುಗಿ ಮುಷ್ಟಿ ಬಿಗಿದು ತೋರಿಸಿದರು. ಒಂದು ಬೆರಳೂ ಇಲ್ಲ.

ವಾಪಸ್ ಬರುವಾಗಲೂ ಪರದೆಯನ್ನು ನೋಡಿದೆ, ಈ ಸಲ ಪೆಸಿಫಿಕ್ ಕಡೆಗೆ ತಿರುಗುತ್ತದೆ ಎಂದುಕೊಂಡು. ರಾತ್ರಿ ಹತ್ತರ ಸುಮಾರಿಗೆ ಹೊರಟ ವಿಮಾನ ಅಟ್ಲಾಂಟಿಕ್ ಮೇಲೆ ಹೋಯಿತು. ಯುರೋಪ್ ದಾಟಿತು, ಕ್ಯಾಸ್ಪಿಯನ್ ಸಮುದ್ರ ದಾಟಿತು, ಭಾರತದ ಮೇಲೆ ಬಂತು. ಮತ್ತೆ ಅದೇ ಗಾಳಿಯ ಹೊಳೆ, ಮತ್ತೆ ಪೂರ್ವಕ್ಕೇ. ಎರಡೂ ಊರುಗಳು ಭೂಮಿಯ ಎದುರುಬದುರು ಇರುವುದರಿಂದ ಯಾವ ಕಡೆಯಿಂದ ಹೋದರೂ ಹೆಚ್ಚು ವ್ಯತ್ಯಾಸವಿಲ್ಲ, ಹಾಗಾಗಿ ಎರಡು ಸಲವೂ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಬಹುದು. ಹೋಗುವ ಹೊತ್ತೂ ಬರುವ ಹೊತ್ತೂ ಹತ್ತೇ ನಿಮಿಷದ ಅಂತರದಲ್ಲಿ ಏಕೆ ಇದ್ದವು ಎಂದು ಆಗ ತಿಳಿಯಿತು. ಹೋಗಿ ಬಂದೆ ಎಂದು ನಾನು ಅಂದುಕೊಂಡಿದ್ದೆ, ನಿಜದಲ್ಲಿ ಬಂದಿರಲೇ ಇಲ್ಲ. ಹೋಗುತ್ತಲೇ ಇದ್ದು ಭೂಮಿ ಸುತ್ತಿ ಮೊದಲಿನ ಜಾಗಕ್ಕೆ ಮುಟ್ಟಿದ್ದೆ. ಮೆಗಲನ್ ಹಡಗುಗಳಲ್ಲಿ ಉಳಿದ ಒಂದು, ಪಶ್ಚಿಮಕ್ಕೆ ಸುತ್ತು ಬಂದು 1522ರಲ್ಲಿ ಕೇಪ್ ವರ್ಡ್ ತಲುಪಿದಾಗ, ಹಡಗಿನ ದಿನಚರಿಯಲ್ಲಿ ಬುಧವಾರ, ನೆಲದ ಮೇಲೆ ಗುರುವಾರ. ಒಂದು ದಿನವೂ ಬಿಡದೆ ಬರೆದಿದ್ದವರು ಒಂದು ದಿನ ಕಳೆದುಕೊಂಡಿದ್ದರು. ನಾನು ಪೂರ್ವಕ್ಕೆ ಸುತ್ತಿದ್ದರಿಂದ ಮನೆಯಲ್ಲಿದ್ದವರಿಗಿಂತ ಒಂದು ಬೆಳಗನ್ನು ಹೆಚ್ಚು ನೋಡಿದ್ದೆ. ಆ ಒಂದೂವರೆ ಗಂಟೆ ಎಲ್ಲಿ ಹೋಯಿತು ಎಂದು ಕೇಳಿದವಳಿಗೆ ಇಡೀ ದಿನದ ಲೆಕ್ಕ ಕೊಡಬೇಕಾಗಿತ್ತು.

ಮನೆಗೆ ಬಂದಾಗ ಅವಳು ಎರಡು ತುಂಡು ದಾರಗಳನ್ನೂ ಗಂಟು ಹಾಕಿ ಕಾದಿದ್ದಳು. ಪರದೆಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿದ್ದೆ. ಒಂದೊಂದನ್ನೇ ನೋಡುತ್ತಾ ಅಂಟುಪಟ್ಟಿಯ ಚೂರುಗಳಿಂದ ದಾರವನ್ನು ಗ್ಲೋಬಿಗೆ ಅಂಟಿಸುತ್ತಾ ಹೋದಳು. ಸಿಂಗಪುರ, ಜಪಾನಿನ ಹೊರಗೆ, ಪೆಸಿಫಿಕ್, ಕೆನಡಾ, ನ್ಯೂಯಾರ್ಕ್. ಗಂಟು ನ್ಯೂಯಾರ್ಕಿನಲ್ಲಿ ಇರಬೇಕಿತ್ತು, ಅದು ಇನ್ನೂ ಕೆನಡಾದಲ್ಲೇ ಇತ್ತು. ಅವಳು ಏನೂ ಹೇಳದೆ ಮುಂದುವರಿಸಿದಳು. ಅಟ್ಲಾಂಟಿಕ್, ಯುರೋಪ್, ಕ್ಯಾಸ್ಪಿಯನ್, ಭಾರತ. ಬಂಗಾಳ ಕೊಲ್ಲಿಯ ನಡುವೆ ದಾರ ಮುಗಿಯಿತು. ಸಿಂಗಪುರಕ್ಕೆ ಇನ್ನೂ ಮೂರು ಬೆರಳು ಅಗಲದ ನೀಲಿ ಉಳಿದಿತ್ತು. ಅವಳು ಆ ನೀಲಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದಳು.

"ಮಾವ, ಇಲ್ಲಿಂದ ನೀನು ಹೇಗೆ ಬಂದೆ?"